ಹಚ್ಚಿದ್ದೆಲ್ಲ ಉರಿಯುವ ಮುಖ: ರೊಸೇಶಿಯಾದ ಒಂದು ಪ್ರಕರಣ

ಹಿನ್ನೆಲೆ

ಇವರು ಬಯಲುಸೀಮೆಯ ಒಂದು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ವಯಸ್ಸು ನಲವತ್ತರ ಆಸುಪಾಸು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯೋಣ. ಅವರಿಗಿದ್ದದ್ದು ರೊಸೇಶಿಯಾ, ಅಂದರೆ ಮುಖದ ನಡುಭಾಗ ಆಗಾಗ ಬಿಸಿಯೇರಿ ಕೆಂಪಾಗುವ, ಗುಳ್ಳೆ ಏಳುವ, ಬಹುಕಾಲ ಉಳಿಯುವ ಚರ್ಮರೋಗ.

ಮೂವತ್ತೈದು ದಾಟಿದ ಮೇಲೆ ಅವರ ಕೆನ್ನೆ ಆಗಾಗ ಬಿಸಿಯೇರಲು ಶುರುವಾಯಿತು. ಬೆಳಗಿನ ಪ್ರಾರ್ಥನೆಗೆ ಬಿಸಿಲಲ್ಲಿ ನಿಂತರೆ, ಬಿಸಿ ಕಾಫಿ ಕುಡಿದರೆ, ಊಟದಲ್ಲಿ ಖಾರ ಜಾಸ್ತಿಯಾದರೆ ಹಾಗಾಗುತ್ತಿತ್ತು. ಅವರದು ಗೋಧಿ ಬಣ್ಣ. ಹಾಗಾಗಿ ಕೆಂಪು ಎದ್ದು ಕಾಣುತ್ತಿರಲಿಲ್ಲ. "ಮುಖ ಯಾಕೋ ಕಪ್ಪಾಗ್ತಿದೆಯಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ಅಲ್ಲಿಂದ ಎಲ್ಲವೂ ಶುರುವಾಯಿತು. ಮುಖ ಕೆಂಪಾಗಿದೆ ಅಂತ ಯಾರಾದರೂ ಹೇಳಿದ್ದರೆ ಅವರು ಬೇರೆ ದಾರಿ ಹಿಡಿಯುತ್ತಿದ್ದರೇನೋ. ಕಪ್ಪಾಗಿದೆ ಅಂದದ್ದಕ್ಕೆ ಬೆಳ್ಳಗಾಗುವ ದಾರಿ ಹುಡುಕಿದರು.

ಮೊದಲು ಕಡಲೆ ಹಿಟ್ಟು, ಮೊಸರು, ನಿಂಬೆ ರಸ. ಆಮೇಲೆ ಮನೆಯಲ್ಲೊಂದು ಗೃಹಪ್ರವೇಶ ಬಂತು, ಪಾರ್ಲರಿನಲ್ಲಿ ಬ್ಲೀಚ್ ಮಾಡಿಸಿಕೊಂಡರು. ಅದಾದ ಕೆಲವೇ ದಿನಕ್ಕೆ ಕೆನ್ನೆ, ಮೂಗು, ಗಲ್ಲದ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಮೊಡವೆ ಅಂದುಕೊಂಡು ಮೆಡಿಕಲ್ ಶಾಪಿನಲ್ಲಿ ಕೇಳಿದರು. ಅಲ್ಲಿ ಒಂದು ಟ್ಯೂಬ್ ಕೊಟ್ಟರು. ಅದರಲ್ಲಿ ಮೊಮೆಟಾಸೋನ್ ಅನ್ನುವ ಸ್ಟೀರಾಯ್ಡ್, ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ತೆಳುಮಾಡುವ ಟ್ರೆಟಿನಾಯಿನ್, ಮೂರೂ ಇದ್ದವು. ಸ್ಟೀರಾಯ್ಡ್ ಇರುವ ಹಲವು ಕ್ರೀಮುಗಳನ್ನು 2018ರಲ್ಲೇ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದ್ದಾರೆ. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೇಳಿದವರಿಗೆ ಸಿಗುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ.

ನಾಲ್ಕೈದು ದಿನದಲ್ಲಿ ಮುಖ ತಿಳಿಯಾಯಿತು. ಗುಳ್ಳೆ ಮಾಯ, ಉರಿ ಮಾಯ. ಟೀಚರ್ ಅದನ್ನು ಒಂದು ವರ್ಷಕ್ಕೂ ಜಾಸ್ತಿ ಹಚ್ಚಿದರು. ನಿಲ್ಲಿಸಿದಾಗೆಲ್ಲ ಮುಖ ಮತ್ತೆ ಉರಿಯುತ್ತಿತ್ತು. ಉರಿಗೆ ಲೋಳೆಸರದ ಜೆಲ್ ತಂದರು. ಜೆಲ್ ಉರಿಯಿತು ಅಂತ ಬೇವಿನ ಫೇಸ್‌ವಾಶ್, ಅದೂ ಉರಿಯಿತು ಅಂತ ಪುದೀನ ಹಾಕಿದ "ಕೂಲಿಂಗ್" ಜೆಲ್, ಅದರ ಮೇಲೆ ವಿಟಮಿನ್ ಸಿ ಸೀರಮ್, ಬೇರೆ ಬೇರೆ ಸನ್‌ಸ್ಕ್ರೀನ್. ಕೊನೆಗೆ ತಿರುಗಿ ಅದೇ ಟ್ಯೂಬ್. "ಡಾಕ್ಟ್ರೇ, ನನಗೆ ಎಲ್ಲದಕ್ಕೂ ಅಲರ್ಜಿ. ಹಿಡಿಸಿದ್ದು ಇದೊಂದೇ" ಅಂತ ಆ ಟ್ಯೂಬನ್ನೇ ಮೇಜಿನ ಮೇಲೆ ಇಟ್ಟರು.

ಯಾವುದು ರೋಗ, ಯಾವುದು ಕ್ರೀಮಿನ ಕಾಟ

ಪರೀಕ್ಷೆ ಮಾಡಿದಾಗ ಕೆನ್ನೆ, ಮೂಗು, ಗಲ್ಲ, ಹಣೆಯ ನಡುಭಾಗದಲ್ಲಿ ಮಾಸಲು ಕಂದುಗೆಂಪು ಬಣ್ಣ ಇತ್ತು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡು ಮತ್ತೆ ಬಣ್ಣ ಬರುತ್ತಿತ್ತು. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪಿನಲ್ಲಿ ಹಿಗ್ಗಿದ ಸಣ್ಣ ರಕ್ತನಾಳಗಳ ಜಾಲ ಚೆನ್ನಾಗಿ ಕಂಡಿತು. ಗುಳ್ಳೆಗಳಿದ್ದವು, ಆದರೆ ಮೊಡವೆಯಲ್ಲಿ ಇರುವ ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಒಂದೂ ಇರಲಿಲ್ಲ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದೆ ಅಂತ ವರ್ಷಗಳಿಂದ ಏನೋ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದರು. ಅದನ್ನು ಮುಖದ ಜೊತೆ ಸೇರಿಸಿ ನೋಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ರೊಸೇಶಿಯಾ ಕಣ್ಣಿಗೂ ಬರುತ್ತದೆ.

ಅಮೆರಿಕದ ರೊಸೇಶಿಯಾ ಸೊಸೈಟಿಯ ತಜ್ಞರ ಸಮಿತಿ 2002ರಲ್ಲಿ ಈ ರೋಗವನ್ನು ನಾಲ್ಕು ಬಗೆ ಮಾಡಿತ್ತು. 2017ರಲ್ಲಿ ಆ ಖಾನೆಗಳನ್ನು ಬಿಟ್ಟು, ಯಾರಲ್ಲಿ ಯಾವ ಲಕ್ಷಣ ಇದೆ ಅಂತ ನೋಡುವ ಕ್ರಮ ತಂದರು. ಟೀಚರ್ ಥರದವರನ್ನು ನೋಡಿದರೆ ಅದೇ ಸರಿ ಅನಿಸುತ್ತದೆ. ಅವರಲ್ಲಿ ಎಲ್ಲದರದ್ದೂ ಸ್ವಲ್ಪ ಸ್ವಲ್ಪ ಇತ್ತು. ಕೆನ್ನೆ ಕೆಂಪಾಗಿಸುವ ಇನ್ನೊಂದು ರೋಗವಾದ ಲೂಪಸ್ ಅಲ್ಲ ಅಂತ ಖಚಿತ ಮಾಡಿಕೊಳ್ಳಲು ಎಎನ್‌ಎ ರಕ್ತಪರೀಕ್ಷೆ ಮಾಡಿಸಿದೆವು. ನೆಗೆಟಿವ್ ಬಂತು.

ರೊಸೇಶಿಯಾದ ಮೇಲೆ ಸ್ಟೀರಾಯ್ಡಿನ ಹಾನಿ ಬೇರೆ ಕೂತಿತ್ತು. ಚರ್ಮ ತೆಳುವಾಗಿತ್ತು, ಕೆನ್ನೆ ಮೇಲೆ ಸಣ್ಣ ಕೂದಲು ಬೆಳೆದಿತ್ತು. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ "ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್" ಅಂತ ಹೆಸರೇ ಇಟ್ಟಿದ್ದಾರೆ. ಅಷ್ಟು ಮಾಮೂಲು ಇದು.

ಇನ್ನು ಅಲರ್ಜಿ ಮಾತು. ಮುಂದಿನ ಸಲ ಬರುವಾಗ ಮನೆಯಲ್ಲಿರುವ ಎಲ್ಲ ಟ್ಯೂಬು, ಬಾಟಲಿ ತರಲು ಹೇಳಿದೆ. ಒಂದು ಬಟ್ಟೆಯ ಚೀಲ ತುಂಬ ತಂದರು. ಒಂದೊಂದನ್ನೂ ಕೈಯಲ್ಲಿ ಹಿಡಿದು ಕೇಳಿದೆ. ಹಚ್ಚಿ ಎಷ್ಟು ಹೊತ್ತಿಗೆ ತೊಂದರೆ ಆಯಿತು? ಉರಿಯೋ, ತುರಿಕೆಯೋ? ಎಷ್ಟು ಹೊತ್ತು ಇತ್ತು? ಯಾವ ಜಾಗದಲ್ಲಿ? ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ಉಪಯೋಗದ ಅರ್ಧ ಗಂಟೆ ಬೇರೆ ಇಲ್ಲ.

ಹೆಚ್ಚಿನವಕ್ಕೆ ಉತ್ತರ ಒಂದೇ. ಹಚ್ಚಿದ ನಿಮಿಷದಲ್ಲೇ ಚುರುಚುರು, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಇದು ಅಲರ್ಜಿಯ ನಡೆ ಅಲ್ಲ. ಕ್ರೀಮಿನಿಂದ ಆಗುವ ನಿಜವಾದ ಅಲರ್ಜಿ ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ ಬರುತ್ತದೆ. ಅದರಲ್ಲಿ ಉರಿಗಿಂತ ತುರಿಕೆ ಜಾಸ್ತಿ, ಚರ್ಮ ಹೊಪ್ಪಳೆ ಏಳುತ್ತದೆ, ದಿನಗಟ್ಟಲೆ ಉಳಿಯುತ್ತದೆ. ಟೀಚರದ್ದು ಬಹುಪಾಲು ಬರೀ ಕೆರಳಿಕೆ. ರೊಸೇಶಿಯಾ ಇರುವ ಚರ್ಮ ನೀರಿನಂಶ ಹಿಡಿದಿಟ್ಟುಕೊಳ್ಳುವುದಿಲ್ಲ, ಹೊರಗಿನದು ಬೇಗ ಒಳಗೆ ಇಳಿಯುತ್ತದೆ. ನಾಲಿಗೆ ಸುಟ್ಟುಕೊಂಡವರಿಗೆ ದಿನಾ ಉಣ್ಣುವ ಸಾರೇ ತಡೆಯಲಾಗದು, ಹಾಗೆ. ತಪ್ಪು ಸಾರಿನದ್ದಲ್ಲ.

ಅವರು ವಿಜ್ಞಾನದವರು, ಸುಮ್ನೆ ಒಪ್ಪಲಿಲ್ಲ. "ಬಿಸಿಗೂ ಉರಿಯುತ್ತೆ, ಖಾರಕ್ಕೂ ಉರಿಯುತ್ತೆ, ಕ್ರೀಮಿಗೂ ಉರಿಯುತ್ತೆ. ಎಲ್ಲ ಒಂದೇ ಥರ ಯಾಕೆ?" ಒಳ್ಳೆಯ ಪ್ರಶ್ನೆ. ನಮ್ಮ ನರದ ತುದಿಗಳಲ್ಲಿ ಟಿಆರ್‌ಪಿವಿ1 ಅನ್ನುವ ಗ್ರಾಹಕ, ಅಂದರೆ ಹೊರಗಿನ ಸಂವೇದನೆ ಗುರುತಿಸುವ ರಿಸೆಪ್ಟರ್ ಇದೆ. ಸುಡುವ ಬಿಸಿಗೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಅದೇ ಸ್ಪಂದಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಸಿಕ್ಕಿತು. ರೊಸೇಶಿಯಾದಲ್ಲಿ ಈ ನರಗಳು ಬೇಗ ಕೆರಳುತ್ತವೆ. ಪುದೀನದ ಮೆಂಥಾಲ್ ತಂಪಿನ ಗ್ರಾಹಕವನ್ನು ತಟ್ಟಿ ತಂಪು ಅನಿಸುವಂತೆ ಮಾಡುತ್ತದೆ. ಚರ್ಮ ನಿಜವಾಗಿ ತಣ್ಣಗಾಗಿರುವುದಿಲ್ಲ, ಮೇಲಿಂದ ಕೆರಳಿಕೆ ಬೇರೆ. ಆ ಕೂಲಿಂಗ್ ಜೆಲ್ ಅವರನ್ನು ಯಾಕೆ ಅಷ್ಟು ಕಾಡಿತು ಅನ್ನುವುದು ಅಲ್ಲಿಗೆ ಅವರಿಗೇ ಹೊಳೆಯಿತು.

ಒಂದು ಸಂಗತಿ ಮಾತ್ರ ಈ ಲೆಕ್ಕಕ್ಕೆ ಬರಲಿಲ್ಲ. ಕಣ್ಣಿನ ರೆಪ್ಪೆ ಮತ್ತು ಹಣೆಯ ಕೂದಲಂಚಿನಲ್ಲಿ ತುರಿಕೆ, ಹೊಪ್ಪಳೆ ಇತ್ತು. ಅದನ್ನು ಬರೆದಿಟ್ಟುಕೊಂಡು ಸದ್ಯಕ್ಕೆ ಪಕ್ಕಕ್ಕಿಟ್ಟೆವು.

ಎಲ್ಲ ನಿಲ್ಲಿಸಿದ್ದು

ಮೊದಲ ತೀರ್ಮಾನ, ಚೀಲದಲ್ಲಿದ್ದ ಎಲ್ಲವೂ ಬಂದ್. ಸ್ಟೀರಾಯ್ಡ್ ಟ್ಯೂಬ್ ಕೂಡ. ಅದನ್ನು ಒಮ್ಮೆಗೇ ನಿಲ್ಲಿಸುವುದೋ, ದಿನ ಬಿಟ್ಟು ದಿನ ಮಾಡಿ ಇಳಿಸುವುದೋ ಅನ್ನುವುದರಲ್ಲಿ ವೈದ್ಯರಲ್ಲಿ ಎರಡು ಮಾತಿದೆ. ಇವರ ವಿಷಯದಲ್ಲಿ ಒಮ್ಮೆಗೇ ನಿಲ್ಲಿಸೋಣ ಅಂದೆ. ಮನೆಯಲ್ಲಿ ಟ್ಯೂಬ್ ಇದ್ದಷ್ಟು ದಿನ ಅವರು ಅದರ ಕಡೆ ಕೈ ಚಾಚುತ್ತಾರೆ ಅನ್ನುವುದು ಅವರ ಮಾತಿನಲ್ಲೇ ಗೊತ್ತಾಗುತ್ತಿತ್ತು. ಉರಿಯೂತ ಇಳಿಸಲು ಕಡಿಮೆ ಪ್ರಮಾಣದ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟೆ. ಅದನ್ನು ತುಂಬಾ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಗರ್ಭಿಣಿಯರಿಗೆ ಕೊಡುವಂತಿಲ್ಲ.

ಮುಖಕ್ಕೆ ಎರಡೇ ವಸ್ತು. ಸಂಜೆ ಒಂದು ಸಲ ಸೋಪಿಲ್ಲದ ಮೆದು ಕ್ಲೆನ್ಸರ್, ಎರಡು ಹೊತ್ತು ಸುವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್. ಬೆಳಿಗ್ಗೆ ಬರೀ ನಲ್ಲಿ ನೀರು. ಸನ್‌ಸ್ಕ್ರೀನ್ ಕೂಡ ಬೇಡ ಅಂದೆ. ಇದು ಕೇಳಿದವರಿಗೆ ವಿಚಿತ್ರ ಅನಿಸಬಹುದು, ಬಿಸಿಲೇ ರೊಸೇಶಿಯಾದ ದೊಡ್ಡ ಶತ್ರು ಅಲ್ವಾ. ಆದರೆ ಏನು ಹಚ್ಚಿದರೂ ಉರಿಯುವ ಮುಖಕ್ಕೆ ಸನ್‌ಸ್ಕ್ರೀನ್ ಇನ್ನೊಂದು ಕಾಟವಾಗುತ್ತದೆ. ಛತ್ರಿ ಉರಿಸುವುದಿಲ್ಲ. ಪ್ರಾರ್ಥನೆಗೆ ಮರದ ನೆರಳಲ್ಲಿ ನಿಲ್ಲಲು ಹೆಡ್‌ಮಾಸ್ಟರು ಒಪ್ಪಿದರು.

ಮುಂದೆ ಏನಾಗುತ್ತದೆ ಅಂತಲೂ ಮೊದಲೇ ಹೇಳಿದ್ದೆ. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಮುಖ ಮೊದಲಿಗಿಂತ ಕೆಡುತ್ತದೆ. ಕೆಟ್ಟಿತು. ಒಂದು ವಾರದೊಳಗೆ ಕೆನ್ನೆ ಊದಿಕೊಂಡು ಕೀವು ಗುಳ್ಳೆ ಎದ್ದವು. ಅದೇ ಹೊತ್ತಿಗೆ ನಾದಿನಿಯ ಮಗಳ ಮದುವೆ. ಮನೆಯಲ್ಲಿ ಅಮ್ಮ, "ಎರಡೇ ಎರಡು ದಿನ ಆ ಹಳೇ ಟ್ಯೂಬ್ ಹಚ್ಕೊಳ್ಳೇ, ಮದುವೆ ಮುಗಿದ ಮೇಲೆ ಬಿಟ್ಟರಾಯ್ತು" ಅಂದರಂತೆ. ಟೀಚರ್ ಫೋನ್ ಮಾಡಿದರು. ನಾನು ಬೇಡ ಅನ್ನಲಿ ಅಂತಲೇ ಮಾಡಿದ್ದು ಅನಿಸುತ್ತದೆ. ಎರಡು ದಿನ ಹಚ್ಚಿದರೆ ಈಗ ಪಟ್ಟ ಕಷ್ಟವನ್ನೆಲ್ಲ ಮತ್ತೆ ಮೊದಲಿಂದ ಪಡಬೇಕು ಅಂತ ಹೇಳಿದೆ. ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಇಡಿ, ಐಸ್ ನೇರವಾಗಿ ಬೇಡ ಅಂದೆ. ಟ್ಯೂಬನ್ನು ಅವರ ಯಜಮಾನರು ಅವತ್ತೇ ಕಸದ ಗಾಡಿಗೆ ಹಾಕಿದರು. ಟೀಚರ್ ಮೇಕಪ್ ಇಲ್ಲದೆ ಧಾರೆಗೆ ಹೋಗಿ ಬಂದರು. ಹತ್ತು ಜನ ಹತ್ತು ಮಾತು ಹೇಳಿದರು. ಅದಕ್ಕೆ ನಮ್ಮ ಹತ್ತಿರ ಔಷಧಿ ಇಲ್ಲ.

ಮೂರು ನಾಲ್ಕು ವಾರಕ್ಕೆ ಊತ ಇಳಿಯಿತು. ಮಾಯಿಶ್ಚರೈಸರ್ ಉರಿಯುವುದು ನಿಂತಿತು. ಅದು ನಮಗೆ ಮುಂದೆ ಹೋಗಬಹುದು ಅನ್ನುವ ಗುರುತು.

ಒಂದೊಂದೇ ಸೇರಿಸಿದ್ದು, ಆ ನೋಟ್‌ಬುಕ್

ಎರಡನೇ ತೀರ್ಮಾನ, ಒಂದು ಹೊತ್ತಿಗೆ ಒಂದೇ ಹೊಸ ವಸ್ತು. ಅದನ್ನು ಮೊದಲು ಮೊಣಕೈ ಒಳಬದಿಗೆ ದಿನಕ್ಕೆರಡು ಸಲ ಒಂದು ವಾರ ಹಚ್ಚಬೇಕು. ಅಲರ್ಜಿ ಇದ್ದರೆ ಅಲ್ಲಿ ಗೊತ್ತಾಗುವ ಸಾಧ್ಯತೆ ಇದೆ. ಆದರೆ ಕೈ ಚರ್ಮ ಗಟ್ಟಿ. ಮುಖಕ್ಕೆ ಆಗುವ ಚುರುಚುರು ಅಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಕಿವಿ ಕೆಳಗಿನ ದವಡೆ ಅಂಚಿನಲ್ಲಿ ಇನ್ನೊಂದಿಷ್ಟು ರಾತ್ರಿ ಹಚ್ಚಿ ನೋಡಬೇಕು. ಆಮೇಲೆ ಕೆನ್ನೆಗೆ. ಕೈ ಮೇಲೆ ಒಂದು ಸಲ ಹಚ್ಚಿ "ನನಗೆ ಆಗುತ್ತೆ" ಅಂದುಕೊಂಡು ಮುಖಕ್ಕೆ ಬಳಿದುಕೊಳ್ಳುವವರೇ ಜಾಸ್ತಿ.

ಔಷಧಿಗಳಲ್ಲಿ ಮೆಟ್ರೊನಿಡಜೋಲ್ ಜೆಲ್ ರೂಪದಲ್ಲೂ ಕ್ರೀಮ್ ರೂಪದಲ್ಲೂ ಬರುತ್ತದೆ. ಒಣ ಚರ್ಮಕ್ಕೆ ಕ್ರೀಮ್ ವಾಸಿ ಅಂತ ಅದನ್ನೇ ಶುರು ಮಾಡಿದೆವು, ತೊಂದರೆ ಆಗಲಿಲ್ಲ. ನಂತರ ಶೇಕಡಾ 15ರ ಅಜೆಲಾಯಿಕ್ ಆಸಿಡ್ ಜೆಲ್. ಇದು ರೊಸೇಶಿಯಾದ ಗುಳ್ಳೆಗೂ ಒಳ್ಳೆಯದು, ಗುಳ್ಳೆ ಬಿಟ್ಟು ಹೋದ ಕಪ್ಪು ಕಲೆಗೂ ಒಳ್ಳೆಯದು. ನಮ್ಮ ಬಣ್ಣದವರಿಗೆ ಆ ಕಲೆಯೇ ದೊಡ್ಡ ಚಿಂತೆ. ಆದರೆ ಶುರುವಿನಲ್ಲಿ ಚುರುಗುಟ್ಟುತ್ತದೆ. ಟೀಚರಿಗೂ ಹಾಗೇ ಆಯಿತು. ಮೊದಲು ಮಾಯಿಶ್ಚರೈಸರ್, ಅದು ಒಣಗಿದ ಮೇಲೆ ಔಷಧಿ, ಅದೂ ದಿನ ಬಿಟ್ಟು ದಿನ ಅಂತ ಬದಲಿಸಿದ ಮೇಲೆ ತಡೆದುಕೊಂಡರು.

ಸನ್‌ಸ್ಕ್ರೀನ್ ಹೆಚ್ಚು ಕಾಡಿತು. ಜಿಂಕ್ ಆಕ್ಸೈಡ್ ಇರುವುದು ಸಾಮಾನ್ಯವಾಗಿ ಕಡಿಮೆ ಉರಿಸುತ್ತದೆ. ಹಚ್ಚಿದರು, ಮುಖ ಬೂದು ಬೂದಾಗಿ ಕಂಡಿತು, ಒಂಬತ್ತನೇ ಕ್ಲಾಸಿನ ಹುಡುಗರು ಮುಸಿಮುಸಿ ನಕ್ಕರು. ಐರನ್ ಆಕ್ಸೈಡ್ ಸೇರಿಸಿ ಚರ್ಮದ ಬಣ್ಣ ಕೊಟ್ಟಿರುವುದಕ್ಕೆ ಬದಲಾಯಿಸಿದೆವು. ಬಣ್ಣ ಹೊಂದಿತು. ಆದರೆ ವಾರ ಕಳೆದು ಬಂದು, "ಇದೂ ಉರಿಯುತ್ತೆ ಡಾಕ್ಟ್ರೇ" ಅಂದರು. ಪರೀಕ್ಷೆಗಳಲ್ಲೆಲ್ಲ ಪಾಸಾಗಿದ್ದ ಟ್ಯೂಬ್ ಅದು.

ಅವರು ನೋಟ್‌ಬುಕ್ ಇಡುತ್ತಿದ್ದರು. ಪ್ರಾಕ್ಟಿಕಲ್ ರೆಕಾರ್ಡ್ ಬರೆದ ಹಾಗೆ ಗೆರೆ ಎಳೆದು, ಏನು ಹಚ್ಚಿದೆ, ಎಷ್ಟು ಹೊತ್ತಿಗೆ, ಏನಾಯಿತು ಅಂತ. ಇಬ್ಬರೂ ಕೂತು ನೋಡಿದೆವು. ಉರಿ ಎಲ್ಲ ದಿನವೂ ಇರಲಿಲ್ಲ. ಭಾನುವಾರಗಳಲ್ಲಿ ಇರಲೇ ಇಲ್ಲ. "ಭಾನುವಾರ ಏನು ಬೇರೆ?" ಅಂದೆ. ಸ್ವಲ್ಪ ಯೋಚಿಸಿ ಅವರೇ ಹೇಳಿದರು. ಶಾಲೆ ಇರುವ ದಿನ ಗೀಸರಿನ ಬಿಸಿನೀರಲ್ಲಿ ಸ್ನಾನ ಮಾಡಿ, ಒದ್ದೆ ಮುಖಕ್ಕೇ ಸನ್‌ಸ್ಕ್ರೀನ್ ಹಚ್ಚಿ, ಓಡಿ ಬಸ್ ಹಿಡಿಯುವುದು. ಭಾನುವಾರ ಸ್ನಾನ ಒಂದು ಹೊತ್ತಿಗೆ, ಸನ್‌ಸ್ಕ್ರೀನ್ ಎಷ್ಟೋ ಹೊತ್ತಿನ ಮೇಲೆ, ಹೊರಗೆ ಹೊರಟರೆ ಮಾತ್ರ.

ಇಲ್ಲಿ ಇಡೀ ಪ್ರಕರಣ ತಿರುಗಿತು. ಬಿಸಿನೀರು ತಾಗಿದ ಚರ್ಮ ಆಗಲೇ ಕೆಂಪೇರಿರುತ್ತದೆ, ಒದ್ದೆ ಇದ್ದಾಗ ಹಚ್ಚಿದ್ದು ಬೇಗ ಒಳಗಿಳಿಯುತ್ತದೆ. ಟ್ಯೂಬ್ ಬದಲಿಸಲಿಲ್ಲ, ಹಚ್ಚುವ ಹೊತ್ತು ಬದಲಿಸಿದೆವು. ಮುಖಕ್ಕೆ ಬಿಸಿನೀರು ಬೇಡ, ಮೊದಲೇ ನಲ್ಲಿ ನೀರಲ್ಲಿ ತೊಳೆದುಬಿಡಿ. ಮೆದು ಟವೆಲ್ ಒತ್ತಿ ಒರೆಸಿ, ಉಜ್ಜಬೇಡಿ. ತಿಂಡಿ ತಿಂದು, ಸೀರೆ ಉಟ್ಟು, ಇಪ್ಪತ್ತು ನಿಮಿಷ ಕಳೆದ ಮೇಲೆ ಸನ್‌ಸ್ಕ್ರೀನ್. ಉರಿ ಹೋಯಿತು. ಹಿಂದೆ ಉರಿಯುತ್ತೆ ಅಂತ ಬಿಸಾಕಿದ ಎಷ್ಟು ಸನ್‌ಸ್ಕ್ರೀನ್ ಇದೇ ಕಾರಣಕ್ಕೆ ಹೋದವೋ ಅಂತ ಅವರಿಗೆ ದುಡ್ಡಿನ ಸಂಕಟವಾಯಿತು. ಕೆಲವದರಲ್ಲಿ ಆಲ್ಕೋಹಾಲ್, ಸುವಾಸನೆ ಎರಡೂ ಇದ್ದವು, ಅವು ಹೋಗಿದ್ದೇ ಒಳ್ಳೆಯದಾಯಿತು.

ಚೀಲದಲ್ಲಿ ಇರದ ವಸ್ತು

ರೆಪ್ಪೆಯ ತುರಿಕೆ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಪ್ಯಾಚ್ ಟೆಸ್ಟ್ ಮಾಡಿದೆವು. ಸಾಮಾನ್ಯವಾಗಿ ಅಲರ್ಜಿ ತರುವ ವಸ್ತುಗಳನ್ನು ಸಣ್ಣ ಸಣ್ಣ ಬಿಲ್ಲೆಯಲ್ಲಿ ಹಾಕಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರುವಂತಿಲ್ಲ. ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಈ ಎರಡನೇ ನೋಟ ತಪ್ಪಿಸಿದರೆ ಅರ್ಧ ಕೆಲಸ ವ್ಯರ್ಥ. ಬೇಸಿಗೆಯಲ್ಲಿ ಇದು ಶಿಕ್ಷೆ, ಹಾಗಾಗಿ ಮಳೆಗಾಲಕ್ಕೆ ಕಾದೆವು.

ಫ್ರಾಗ್ರೆನ್ಸ್ ಮಿಕ್ಸ್, ಅಂದರೆ ಸುವಾಸನೆಯ ಮಿಶ್ರಣಕ್ಕೆ ಪಾಸಿಟಿವ್ ಬಂತು. ಆದರೆ ಈಗ ಹಚ್ಚುತ್ತಿರುವ ಯಾವುದರಲ್ಲೂ ಸುವಾಸನೆ ಇಲ್ಲ. ಮತ್ತೆ ಎಲ್ಲಿಂದ? ಬೆಳಗಿನಿಂದ ರಾತ್ರಿವರೆಗೆ ಮುಖಕ್ಕೆ ಏನೇನು ತಾಗುತ್ತದೆ ಅಂತ ಹೇಳಿ ಅಂದೆ. ಮಧ್ಯಾಹ್ನ ಮುಖ ಬಿಸಿಯಾದಾಗ ಬ್ಯಾಗಿನಿಂದ ಬೇಬಿ ವೈಪ್ಸ್ ತೆಗೆದು ಒರೆಸಿಕೊಳ್ಳುತ್ತೇನೆ ಅಂದರು. "ಮಕ್ಕಳಿಗೇ ಹಾಕೋದು ಅಲ್ವಾ ಡಾಕ್ಟ್ರೇ?" ಕ್ರೀಮ್ ಅಲ್ಲ ಅಂತ ಅದನ್ನು ಚೀಲಕ್ಕೆ ಹಾಕಿರಲಿಲ್ಲ. ರಾತ್ರಿ ತಲೆಗೆ ಮಲ್ಲಿಗೆ ಪರಿಮಳದ ಎಣ್ಣೆ. ಅದು ದಿಂಬಿಗೆ, ದಿಂಬಿನಿಂದ ಹಣೆಗೆ, ರೆಪ್ಪೆಗೆ. ಕೂದಲಂಚಿನ ತುರಿಕೆಗೆ ಅಲ್ಲಿ ಉತ್ತರ ಸಿಕ್ಕಿತು.

ವೈಪ್ಸ್ ಬದಲು ಒದ್ದೆ ಕರ್ಚೀಫು, ಎಣ್ಣೆ ಬದಲು ಗಾಣದ ಸಾದಾ ಕೊಬ್ಬರಿ ಎಣ್ಣೆ, ಅದೂ ಸ್ನಾನಕ್ಕೆ ಒಂದು ಗಂಟೆ ಮೊದಲು ಮಾತ್ರ. ಒಂದು ತಿಂಗಳಲ್ಲಿ ರೆಪ್ಪೆ ತಿಳಿಯಾಯಿತು. ಲೇಬಲ್ ಓದುವಾಗ "ಪರ್ಫ್ಯೂಮ್", "ಪರ್ಫಮ್", "ಲಿನಲೂಲ್", "ಲಿಮೊನೀನ್" ಅನ್ನುವ ಹೆಸರು ಕಂಡರೆ ಕೆಳಗಿಡಿ ಅಂದೆ. "ಅನ್‌ಸೆಂಟೆಡ್" ಅಂತ ಬರೆದಿದ್ದರೂ ವಾಸನೆ ಮುಚ್ಚಲು ಬೇರೆ ಸುವಾಸನೆ ಹಾಕಿರಬಹುದು. ಆಯುರ್ವೇದ, ನೈಸರ್ಗಿಕ, ಹರ್ಬಲ್ ಅಂತ ಇದ್ದರೂ ಲೆಕ್ಕ ಒಂದೇ. ಗಿಡದಿಂದ ಬಂದ ಸುಗಂಧತೈಲವೂ ಚರ್ಮಕ್ಕೆ ಸುವಾಸನೆಯೇ. ಮುಡಿಯುವ ಮಲ್ಲಿಗೆ ಬಿಡಬೇಕಾ ಅಂತ ಕೇಳಿದರು. ಜಡೆಯಲ್ಲಿರುವ ಹೂ ಮುಖಕ್ಕೆ ತಾಗುವುದಿಲ್ಲ, ಮುಡಿದು ನೋಡಿ ಅಂದೆ. ಏನೂ ಆಗಲಿಲ್ಲ. ಈಗಲೂ ಮುಡಿಯುತ್ತಾರೆ.

ಕಣ್ಣಿನ ವಿಷಯದಲ್ಲಿ ಒಂದು ಇಕ್ಕಟ್ಟಿತ್ತು. ರೆಪ್ಪೆಯ ಎಣ್ಣೆಗ್ರಂಥಿಗಳಿಗೆ ಬಿಸಿ ಬಟ್ಟೆಯ ಶಾಖ ಬೇಕು, ಕೆನ್ನೆಗೆ ಬಿಸಿ ಆಗದು. ಸಣ್ಣ ಬಟ್ಟೆ ಮಡಚಿ, ಮುಚ್ಚಿದ ರೆಪ್ಪೆ ಮೇಲಷ್ಟೇ ಐದು ನಿಮಿಷ ಇಡುವುದು ಅಂತ ಮಾಡಿಕೊಂಡೆವು. ಕಣ್ಣಿನ ಡಾಕ್ಟರಿಗೂ ಒಮ್ಮೆ ತೋರಿಸಿದರು. ಕಣ್ಣು ನೋವು, ಬೆಳಕು ನೋಡಲಾಗದ ಸ್ಥಿತಿ, ಮಸುಕು ಇದ್ದರೆ ಮನೆ ಉಪಾಯ ನೋಡುತ್ತ ಕೂರಬಾರದು.

ಈಗ ಹೇಗಿದೆ

ಗುಳ್ಳೆ ಅಪರೂಪ. ಡಾಕ್ಸಿಸೈಕ್ಲಿನ್ ಕೆಲವು ತಿಂಗಳಲ್ಲೇ ನಿಲ್ಲಿಸಿದೆವು. ಕೆನ್ನೆಯ ಹಿಗ್ಗಿದ ರಕ್ತನಾಳ ಹಾಗೇ ಇವೆ, ಕ್ರೀಮಿಗೆ ಅವು ಹೋಗುವುದಿಲ್ಲ, ಲೇಸರ್ ಬೇಕು. ಖರ್ಚು, ಬೆಂಗಳೂರಿನ ಓಡಾಟ ಎರಡೂ ಬೇಡ ಅಂದರು. ಕೆಲವೇ ಗಂಟೆ ಕೆಂಪು ಮರೆಮಾಡುವ ಬ್ರಿಮೊನಿಡಿನ್ ಜೆಲ್ ಬಗ್ಗೆ ಯಾವುದೋ ವಿಡಿಯೋ ನೋಡಿ ಕೇಳಿದರು. ಅದರ ಪರಿಣಾಮ ಇಳಿದ ಮೇಲೆ ಕೆಲವರಿಗೆ ಕೆಂಪು ಮೊದಲಿಗಿಂತ ಜಾಸ್ತಿ ಆಗಿ ಮರಳುತ್ತದೆ. ಸ್ಟೀರಾಯ್ಡ್ ಬಿಟ್ಟಾಗ ಅಂಥದ್ದೇ ಅನುಭವಿಸಿದವರಿಗೆ ಅದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆಗೆ ಹಾಕಿದ್ದರು. ಫ್ಯಾನ್ ಸರಿಯಿಲ್ಲದ ಕೋಣೆ. ಮುಖ ಮತ್ತೆ ಕೆಂಪೇರಿ ಉರಿಯಿತು. ಈ ಸಲ ಮೆಡಿಕಲ್ ಶಾಪಿಗೆ ಹೋಗಲಿಲ್ಲ. ಅಜೆಲಾಯಿಕ್ ಆಸಿಡ್ ನಿಲ್ಲಿಸಿ, ಕ್ಲೆನ್ಸರ್, ಮಾಯಿಶ್ಚರೈಸರ್ ಎರಡಕ್ಕೇ ಇಳಿದು, ಉರಿ ಹೋದ ಮೇಲೆ ಒಂದೊಂದಾಗಿ ಮತ್ತೆ ಸೇರಿಸಿಕೊಂಡರು. ಎಲ್ಲ ಮುಗಿದ ಮೇಲೆ ನನಗೆ ಹೇಳಿದ್ದು.

ಕಳೆದ ಸಲ ಬಂದಾಗಿನ ಪ್ರಶ್ನೆ ಬೇರೆ. ಕೂದಲು ನೆರೆಯುತ್ತಿದೆ, ಡೈ ಹಾಕಬಹುದಾ? ಡೈಯಲ್ಲಿರುವ ಪಿಪಿಡಿ ಅನ್ನುವ ವಸ್ತುವಿಗೆ ಅವರ ಪ್ಯಾಚ್ ಟೆಸ್ಟ್ ನೆಗೆಟಿವ್ ಇತ್ತು. ಆದರೆ ಡೈಯ ಅಲರ್ಜಿ ವರ್ಷಗಟ್ಟಲೆ ಹಾಕಿದ ಮೇಲೂ ಹುಟ್ಟಬಹುದು, ಹಲವು ಡೈಗಳಲ್ಲಿ ಅಮೋನಿಯಾ, ಸುವಾಸನೆ ಬೇರೆ ಇರುತ್ತದೆ. ಹಾಕಲೇಬೇಕು ಅಂದರೆ ಸುವಾಸನೆ ಇಲ್ಲದ್ದನ್ನು ಹುಡುಕಿ, ಪ್ರತಿ ಸಲವೂ ಕಿವಿ ಹಿಂದೆ ಹಚ್ಚಿ ಎರಡು ದಿನ ನೋಡಿ, ಹಣೆ ಅಂಚಿಗೆ ಪೆಟ್ರೋಲಿಯಂ ಜೆಲ್ಲಿ ಬಳಿದು ಹಾಕಿ ಅಂದೆ. ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಗೆರೆ ಎಳೆದುಕೊಂಡು ಹೋಗಿದ್ದಾರೆ.